ಮಾವನವರು ಕಂಡ ಬೆಳಕಿನ ಬಳೆ

ನಮ್ಮ ಮಾವನವರಿಗೆ ಯಾವ ಹೊಸ ವಸ್ತು ಕೊಟ್ಟರೂ ಅದನ್ನು ಬಲಗೈಯಲ್ಲಿ ತೆಗೆದುಕೊಂಡು, ಎಡಗೈಯ ಅಂಗೈ ಮೇಲಿಟ್ಟು, ಎದೆಯ ಎತ್ತರಕ್ಕೆ ಹಿಡಿದು, ರೆಪ್ಪೆ ಬಡಿಯದೆ ಸ್ವಲ್ಪ ಹೊತ್ತು ನೋಡುತ್ತಾರೆ. ಮಾವಿನ ಹಣ್ಣಾಗಲಿ, ಲಗ್ನಪತ್ರಿಕೆಯಾಗಲಿ, ಅಂಗಡಿಗೆ ಬಂದ ಸೀರೆಯ ತುಂಡಾಗಲಿ, ಎಲ್ಲಕ್ಕೂ ಅದೇ ಮರ್ಯಾದೆ. ಹುಡುಗನಾಗಿದ್ದಾಗ ಗುರುಗಳು ದೀಕ್ಷೆ ಕೊಟ್ಟು ಆ ಅಂಗೈಯಲ್ಲಿ ಲಿಂಗ ಇಟ್ಟಂದಿನಿಂದ ಬಂದ ಅಭ್ಯಾಸ ಅದು. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳಲ್ಲಿ ಕಟ್ಟಿಕೊಂಡ ಬೆಳ್ಳಿ ಕರಡಿಗೆಯಿಂದ ಲಿಂಗವನ್ನು ತೆಗೆದು, ಹಾಗೇ ಅಂಗೈಯಲ್ಲಿ ಹಿಡಿದು ನೋಡುತ್ತ ಕೂರುತ್ತಾರೆ. ಅದಾಗದೆ ಒಂದು ಗುಟುಕು ನೀರೂ ಅವರ ಗಂಟಲಲ್ಲಿ ಇಳಿಯುವುದಿಲ್ಲ. ಹಾಗಾಗಿ 2009ರಲ್ಲಿ ನನ್ನ ಗಂಡ ಕೈಲಾಸ್ ತಮ್ಮ ಅಪ್ಪನಿಗೆಂದು ಟಚ್ ಫೋನು ತಂದುಕೊಟ್ಟಾಗ ಅದೂ ಸೀದಾ ಅಂಗೈಗೇ ಹೋಯಿತು. ಹಣೆ ತುಂಬ ವಿಭೂತಿ, ಅಂಗೈ ತುಂಬ ಫೋನು. ನಮ್ಮತ್ತೆ ರುದ್ರಾಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ, "ಅದಕ್ಕೂ ಎರಡು ಬಿಲ್ವಪತ್ರೆ ಏರಿಸಿಬಿಡಿ" ಅಂದರು.

ಮಾವನ ಹೆಸರು ವೃಷಭೇಂದ್ರಪ್ಪ. ಮನೆ ಚಾಮರಾಜಪೇಟೆಯಲ್ಲಿ. ಅಂಗಡಿ ಚಿಕ್ಕಪೇಟೆಯ ಒಂದು ಗಲ್ಲಿಯಲ್ಲಿ. ತಲೆ ಮೇಲೆ ಮೂಟೆ ಹೊತ್ತವನು ಎದುರಿಗೆ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕಾದಂಥ ಗಲ್ಲಿ ಅದು. ತಾತನ ಕಾಲದಿಂದ ರೇಷ್ಮೆ ಸೀರೆಯ ವ್ಯಾಪಾರ. ಮಾವನಿಗೆ ಬಣ್ಣದ ವಿಷಯದಲ್ಲಿ ಎಷ್ಟು ಜಂಬವೆಂದರೆ, ನಾನು ಹೊಸ ಸೊಸೆಯಾಗಿ ಬಂದಾಗ ಹಸಿರು ಸೀರೆ ಉಟ್ಟು ಕಾಲಿಗೆ ನಮಸ್ಕಾರ ಮಾಡಿದರೆ ಆಶೀರ್ವಾದಕ್ಕೆ ಮೊದಲು, "ಇದು ಹಸಿರಲ್ಲ ಕಣವ್ವಾ, ಗಿಣಿ ರೆಕ್ಕೆ" ಅಂದಿದ್ದರು. ನನಗೆ ಮೈ ಉರಿದುಹೋಗಿತ್ತು. ನವಿಲು ಕತ್ತು, ಈರುಳ್ಳಿ ಸಿಪ್ಪೆ, ಮಾವಿನ ಚಿಗುರು, ಆನಂದ ನೀಲಿ ಎಂದು ಅವರು ಸೀರೆಗಳನ್ನು ಒಂದೊಂದಾಗಿ ಬಿಡಿಸಿ ಹಾಕುವುದನ್ನು ಒಮ್ಮೆ ಅಂಗಡಿಯಲ್ಲಿ ಕೂತು ನೋಡಿದ ಮೇಲೆ ಸಿಟ್ಟು ಇಳಿಯಿತು. ಗಿರಾಕಿಯ ಮುಖ ನೋಡಿ, ಅವಳು ಬಾಯಿ ಬಿಡುವ ಮುಂಚೆಯೇ ಅವಳಿಗೆ ಬೇಕಾದ ಬಣ್ಣವನ್ನು ಎಳೆದು ತೆಗೆಯುತ್ತಿದ್ದರು.

ಅಂಥವರ ಕೈಯಲ್ಲೇ ಆ ಎಡವಟ್ಟಾಯಿತು. ತುಮಕೂರು ಕಡೆಯ ಒಂದು ಮನೆತನದವರು ಮದುವೆ ಸೀರೆಗೆ ಬಂದಿದ್ದರು. ಹುಡುಗಿಗೆ ಕಡುನೀಲಿ ಸೀರೆ ಇಷ್ಟವಾಯಿತು. ಮಾವ ತಾವೇ ಮಡಿಸಿ, ಅರಿಶಿನ ಕುಂಕುಮ ಹಚ್ಚಿ ಕಟ್ಟು ಕಟ್ಟಿಕೊಟ್ಟರು. ಮನೆಗೆ ಹೋಗಿ ಬಿಚ್ಚಿದರೆ ಕಟ್ಟಿನಲ್ಲಿದ್ದದ್ದು ಅಪ್ಪಟ ಕಪ್ಪು ಸೀರೆ! ಮದುವೆ ಮನೆಯ ಕಟ್ಟಿನಲ್ಲಿ ಕಪ್ಪು ಸೀರೆ ಬಂತೆಂದರೆ ಕೇಳಬೇಕೇ? ಹುಡುಗಿಯ ಅಜ್ಜಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತರು. ಮಾವ ಟ್ಯೂಬ್‌ಲೈಟಿನ ಮೇಲೆ ತಪ್ಪು ಹಾಕಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಪಕ್ಕದಂಗಡಿಯವರು ನಕ್ಕರಂತೆ. ಅದಾದ ವಾರವೇ ಕೈಲಾಸ್, "ಅಪ್ಪಾಜಿ, ಸ್ವಲ್ಪ ದಿನ ರೆಸ್ಟ್ ತಗೊಳ್ಳಿ" ಅಂದರು, ಫೋನು ತಂದುಕೊಟ್ಟರು. ಅಳುವ ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗೆ. ನನಗೆ ಗಂಡನ ಮೇಲೆ ಬಹಳ ಸಿಟ್ಟು ಬಂದಿತ್ತು, ಹೇಳಿಯೂ ಹೇಳಿದೆ. ಮಾವ ಮಾತ್ರ ಗಿಲಕಿ ಆಡಿಸತೊಡಗಿದರು.

"ಇದರಲ್ಲಿ ಅಪ್ಲಿಕೇಷನ್ ಅಂತ ಇರ್ತವೆ ಅಪ್ಪಾಜಿ, ಬೇಕಾದ್ದು ಹಾಕ್ಕೋಬಹುದು" ಎಂದು ಕೈಲಾಸ್ ಹೇಳಿಕೊಟ್ಟಿದ್ದರು.

"ಅರ್ಜಿನಾ? ಯಾರಿಗಪ್ಪಾ ಅರ್ಜಿ ಹಾಕೋದು?" ಅಂದರು ಮಾವ. ಅಂದಿನಿಂದ ನಮ್ಮ ಮನೆಯಲ್ಲಿ ಅವುಗಳ ಹೆಸರು ಅರ್ಜಿ ಎಂದೇ ಆಯಿತು.

ಮಧ್ಯಾಹ್ನ ಊಟವಾದ ಮೇಲೆ ಕಿಟಕಿ ಪಕ್ಕದ ಆರಾಮ ಕುರ್ಚಿಯಲ್ಲಿ ಒರಗಿ ಅವರು ಒಂದೊಂದೇ ಅರ್ಜಿಯನ್ನು ತೆರೆಯುತ್ತಿದ್ದರು. ಚಾಮರಾಜಪೇಟೆಯ ಮಧ್ಯಾಹ್ನ ಹೇಗಿರುತ್ತದೆಂದು ಅಲ್ಲಿ ಇದ್ದವರಿಗೇ ಗೊತ್ತು. ಮಸೀದಿಯ ಕೂಗು ಮುಗಿದಿರುತ್ತದೆ, ದೇವಸ್ಥಾನದ ಬಾಗಿಲು ಹಾಕಿರುತ್ತದೆ, ಹಿಂದಿನ ಬೀದಿಯ ಅಗರಬತ್ತಿ ಕಾರ್ಖಾನೆಯ ಘಮಲು ಕಿಟಕಿಯಿಂದ ಬಂದು ಮನೆಯಲ್ಲೇ ಬೀಡುಬಿಟ್ಟಿರುತ್ತದೆ. ಆ ಹೊತ್ತಿನಲ್ಲಿ ಮಾವ ಪರದೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆಯಲು ನೋಡುತ್ತಿದ್ದರು. ರೇಷ್ಮೆ ಅಸಲಿಯೋ ನಕಲಿಯೋ ನೋಡುವವರ ಕೈ ಅದು. ಬೆರಳು ಸರಿಸಿದರೆ ಚಿತ್ರಗಳು ಜಾರುವುದು ಅವರಿಗೆ ತುಂಬ ಹಿಡಿಸಿತು. "ನೋಡವ್ವಾ, ಸೀರೆ ಬಿಡಿಸಿದಂಗೆ ಬಿಡಿಸ್ತದೆ. ಮಡಿಸೋ ಕೆಲ್ಸ ಇಲ್ಲ" ಅಂದರು. ಫೋನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುವುದನ್ನು ಕಂಡು, ತಾವು ಮಗ್ಗುಲಾಗಿ ಮಲಗಿ, ಎದ್ದು, ಮತ್ತೆ ಮಲಗಿ ಪರೀಕ್ಷೆ ಮಾಡಿದರು.

"ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ" ಅಂದರು ಅತ್ತೆ. ಮಾವನಿಗೆ ಕೇಳಿಸಲಿಲ್ಲ. ಅವರು ಆಗ ಭೂಪಟದೊಳಗೆ ಇಳಿದಿದ್ದರು.

ಆಕಾಶದಿಂದ ಕಾಣುವ ನಮ್ಮ ಮನೆ, ಮನೆಯ ಹಿಂದಿನ ತೆಂಗಿನಮರ, ನೀರಿನ ತೊಟ್ಟಿ. ಬೆರಳನ್ನು ಕೂಡಿಸಿದರೆ ಮನೆ ಚುಕ್ಕಿಯಾಗಿ, ಬೀದಿಗಳೆಲ್ಲ ಹಾಸು ಹೊಕ್ಕಿನ ಎಳೆಗಳಾಗಿ, ಪೇಟೆಯೆಲ್ಲ ಒಂದು ಸೆರಗಾಗಿಬಿಡುತ್ತಿತ್ತು. ಇನ್ನೂ ಕೂಡಿಸಿದರೆ ಊರೇ ಇಲ್ಲ, ನೀಲಿ ಸಮುದ್ರ, ಆಮೇಲೆ ಕತ್ತಲಲ್ಲಿ ತೇಲುವ ಭೂಮಿ. ಅಂಗೈಯಲ್ಲಿ ಭೂಮಿಯನ್ನಿಟ್ಟುಕೊಂಡು ಮಾವ ಬಹಳ ಹೊತ್ತು ಕೂತಿರುತ್ತಿದ್ದರು. ಧ್ವನಿ ಹಿಡಿಯುವ ಇನ್ನೊಂದು ಅರ್ಜಿಯಲ್ಲಿ ಅವರು ಬೆಳಗಿನ ಸದ್ದುಗಳನ್ನೆಲ್ಲ ತುಂಬಿಕೊಂಡರು: ಹಾಲಿನವನ ಸೈಕಲ್ ಗಂಟೆ, ಅಂಗಳಕ್ಕೆ ನೀರು ಚಿಮುಕಿಸುವ ಸದ್ದು, ಅತ್ತೆಯ ಗೊಣಗಾಟ. ಒಂದು ಮಧ್ಯಾಹ್ನ ಅದನ್ನು ಕೇಳುತ್ತ ನಿದ್ದೆ ಹೋದವರು ಎಚ್ಚರಾದಾಗಲೂ ಅದು ಇನ್ನೂ ಹಾಡುತ್ತಿತ್ತು. ಬೆಳಗಾಯಿತೆಂದು ಟವೆಲು ಹೆಗಲಿಗೇರಿಸಿ ಬಚ್ಚಲಿಗೆ ಹೊರಟೇಬಿಟ್ಟರು. ನಾವೆಲ್ಲ ನಕ್ಕೆವು. ಅವರೂ ನಕ್ಕರು, ಆದರೆ ಎರಡನೇ ಸಲ ಬೆಳಗಾದದ್ದು ಸುಳ್ಳೆಂದು ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಹೀಗೆ ನಡೆದಿದ್ದಾಗ ಕೈಲಾಸ್ ಒಂದು ದೀಪದ ಅರ್ಜಿಯನ್ನು ಹಾಕಿಕೊಟ್ಟರು. ಕಪ್ಪು ಪರದೆಯ ನಡುವೆ ಒಂದು ಹಣತೆ. ಫೋನು ವಾಲಿಸಿದರೆ ಜ್ವಾಲೆಯೂ ವಾಲುತ್ತದೆ. ಮಾವ ಅದನ್ನು ಹಿಡಿದುಕೊಂಡು ಪೂಜೆಕೋಣೆಯ ಕತ್ತಲಿಗೆ ಹೋದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಆಮೇಲೆ ಒಳಗಿನಿಂದ, "ಮಾನ್ಯಾ, ಒಂದ್ ನಿಮಿಷ ಬಾರವ್ವ" ಎಂದು ನನ್ನನ್ನು ಕರೆದರು. ದನಿ ಎಂದಿನಂತಿರಲಿಲ್ಲ.

ಹೋಗಿ ನೋಡಿದರೆ ನಂದಾದೀಪದ ಮುಂದೆ ಕೂತಿದ್ದಾರೆ. ಅಂಗೈಯಲ್ಲಿ ಫೋನು.

"ಈ ದೀಪದ ಸುತ್ತ ನಿಂಗೇನು ಕಾಣ್ತದೆ?"

"ಏನಿಲ್ಲ ಮಾವ. ಕಪ್ಪು."

"ಬಳೆ ಥರ, ಬಣ್ಣ ಬಣ್ಣದ್ದು, ಹೊಳೀತಾ ಇರೋದು?"

"ಇಲ್ವಲ್ಲ."

ಅವರು ತಲೆಯಾಡಿಸಿದರು. ಆಮೇಲೆ, ಎಂದೂ ಯಾರಿಗೂ ಹೇಳದೆ ಇದ್ದದ್ದನ್ನು ನನಗೆ ಹೇಳಿದರು. ದೀಕ್ಷೆ ಕೊಟ್ಟ ಗುರುಗಳು, ನೋಡ್ತಾ ಇರು ಮಗು, ಒಂದು ದಿನ ಬೆಳಕು ಕಾಣತ್ತೆ ಎಂದಿದ್ದರಂತೆ. ಲಿಂಗದ ನುಣುಪಾದ ಕಪ್ಪು ಮೈಯಲ್ಲಿ ದೀಪದ ಒಂದು ಚುಕ್ಕಿ ಮೂಡುತ್ತದೆ. ಅದರಲ್ಲೇ ದೃಷ್ಟಿ ನೆಟ್ಟು ಹುಡುಗ ಯುವಕನಾದ, ಮದುವೆಯಾದ, ಮುದುಕನಾದ. ಬೆಳಕೇನೂ ಕಾಣಲಿಲ್ಲ. ಕೊನೆಗೆ ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಆ ಚುಕ್ಕಿಯ ಸುತ್ತ ಬೆಳಕಿನ ಬಳೆಯೊಂದು ಕಂಡಿತು. ಮಂಜಿನಲ್ಲಿ ಚಂದ್ರನಿಗೆ ಕೋಟೆ ಕಟ್ಟಿದ ಹಾಗೆ. ದಿನ ಹೋದಂತೆ ಅದು ಬೆಳೆಯಿತು. ಅದು ಮೊದಲ ಸಲ ಕಂಡ ದಿನ ಮಾವ ಪೂಜೆ ಮುಗಿಸಿ ಬಂದು ಉಪ್ಪಿಟ್ಟು ತಿನ್ನುತ್ತ ಕಣ್ಣೀರು ಹಾಕಿದ್ದರಂತೆ. ಮೆಣಸಿನಕಾಯಿ ಜಾಸ್ತಿಯಾಯಿತೇನೋ ಎಂದು ಅತ್ತೆ ಸಕ್ಕರೆ ತಂದುಕೊಟ್ಟಿದ್ದರು.

"ಆಮೇಲೆ ಬೀದಿ ದೀಪಕ್ಕೂ ಬಂತವ್ವಾ. ಸ್ಕೂಟರ್ ದೀಪಕ್ಕೂ ಬಂತು. ಶಿವ ಎಲ್ಲಾ ಕಡೆ ಇದಾನೆ ಅನ್ನೋದು ನಿಜಾನೇ ಅಂದ್ಕೊಂಡೆ. ಹಸುಗೂಸಿನಂಗೆ ನಂಬಿದೆ."

"ಈಗ ಏನಾಯ್ತು ಮಾವ?"

ಅವರು ಫೋನಿನಲ್ಲಿ ತಾವು ತೆಗೆದ ಒಂದು ಫೋಟೋ ತೋರಿಸಿದರು. ನಂದಾದೀಪದ್ದು. ಎರಡು ಬೆರಳಿನಿಂದ ಅದನ್ನು ಅಗಲ ಮಾಡಿದರು, ಕಿರಿದು ಮಾಡಿದರು.

"ದೀಪ ದೊಡ್ಡದಾಗ್ತದೆ, ಚಿಕ್ಕದಾಗ್ತದೆ. ಬಳೆ ಮಾತ್ರ ಎಷ್ಟಿತ್ತೋ ಅಷ್ಟೇ ಇರ್ತದೆ. ಬಟ್ಟೆ ಎಳೆದ್ರೆ ಬಟ್ಟೆ ಮೇಲಿನ ಹೂವೂ ಹಿಗ್ಗಬೇಕಲ್ವಾ? ಹಿಗ್ಗಲ್ಲ ಅಂದ್ರೆ ಆ ಹೂವು ಬಟ್ಟೆದಲ್ಲ. ನನ್ನ ಕಣ್ಣಿಂದು."

ಕಣ್ಣಿನ ಪೊರೆ ಬಂದಾಗ ಹೀಗೆಲ್ಲ ಕಾಣುತ್ತದೆಂದು ನನಗೆ ಗೊತ್ತಿತ್ತು. ನನ್ನ ತವರಿನ ಅಜ್ಜಿಗೂ ಹೀಗೇ ಆಗಿತ್ತು. ಕಡುನೀಲಿಯೂ ಕಪ್ಪೂ ಒಂದೇ ಆಗಿ ಕಂಡದ್ದೂ ಅದಕ್ಕೇ. ಹೇಳಿದೆ. ಮಾವ ಹೂಂ ಅಂದರು ಅಷ್ಟೆ. ಆ ಕತ್ತಲ ಕೋಣೆಯಲ್ಲಿ ಅವರ ಪಕ್ಕ ಕೂತಿದ್ದ ನನಗೆ ಆ ದರಿದ್ರ ಫೋನನ್ನು ಎತ್ತಿ ಬಾವಿಗೆ ಹಾಕಬೇಕೆನಿಸಿತು.

ವಿಷಯ ತಿಳಿದು ಕೈಲಾಸ್‌ಗೆ ಹಾಲು ಕುಡಿದಷ್ಟು ಸಂತೋಷ. ಕಾಯಿಲೆ ಗೊತ್ತಾಯಿತು, ಆಪರೇಷನ್ ಮಾಡಿಸಿದರೆ ಆಯಿತು, ಅಪ್ಪ ಮತ್ತೆ ಅಂಗಡಿಗೆ ಬರಬಹುದು. ಮಾವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಪೊರೆ ಅಂತ ಗೊತ್ತಾದ ಮೇಲೂ ಯಾಕೆ ಅಪ್ಪಾಜಿ ಹಟ?"

"ಪೊರೆನೋ ಗಿರೆನೋ, ಅದನ್ನೂ ಅವನೇ ಕೊಟ್ಟಿದ್ದು. ಜೀವಮಾನವೆಲ್ಲ ಕೂತಿದ್ದಕ್ಕೆ ನಂಗೆ ಸಿಕ್ಕಿರೋದು ಅದೊಂದೇ ಕಣಪ್ಪ. ಅದನ್ನೂ ತೆಗೆಸಿಬಿಟ್ರೆ ನನ್ನ ಹತ್ರ ಏನುಳೀತದೆ?"

ಕೈಲಾಸ್ ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟರು. 

ಆದರೆ ಚಿಕ್ಕಪೇಟೆ ಅವರನ್ನು ಕರೆಯುತ್ತಲೇ ಇತ್ತು. ಶ್ರಾವಣ ಬಂತು, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಮಾವ ಮನೆಯಲ್ಲಿ ಕೂತು ಫೋನಿನಲ್ಲಿ ಸೀರೆಗಳ ಫೋಟೋ ಸರಿಸುತ್ತ, ಇದು ಯಾವ ಬಣ್ಣ ಎಂದು ನನ್ನನ್ನು ಕೇಳುವುದು, ನಾನು ಸುಮ್ಮನೆ ಹಸಿರು ಅನ್ನುವುದು, ಅವರು ನಿಟ್ಟುಸಿರು ಬಿಡುವುದು. ಕೊನೆಗೆ ಒಂದು ದಿನ ವ್ಯಾಪಾರಿಯ ಬುದ್ಧಿ ಗೆದ್ದಿತು. ಕಣ್ಣಿನ ಆಸ್ಪತ್ರೆಗೆ ತಾವೇ ಹೊರಟರು, ಡಾಕ್ಟರಮ್ಮನ ಮುಂದೆ ಕೂತು ಚೌಕಾಸಿಗೆ ಇಳಿದರು.

"ಒಂದೇ ಕಣ್ಣು ಮಾಡಿ ತಾಯಿ. ಎಡಗಣ್ಣು ಅಂಗಡಿಗೆ, ಬಲಗಣ್ಣು ಶಿವನಿಗೆ."

ಡಾಕ್ಟರಮ್ಮ ನಕ್ಕು, "ನಾವು ಮಾಡೋದೇ ಒಂದೊಂದಾಗಿ ಸಾರ್. ಮೊದಲು ಇದಾಗ್ಲಿ" ಅಂದರು. ತಲೆಗೆ ನೀರು ಹಾಕಬಾರದು ಅಂದಾಗ ಪೂಜೆಗೆ ಅಡ್ಡಿಯಾಗುತ್ತದೆಂದು ಮಾವ ಗಾಬರಿಯಾದರು. ಮೈ ಒರೆಸಿ ವಿಭೂತಿ ಧರಿಸಿದರೆ ಅದೇ ಸ್ನಾನವೆಂದು ಮಠದ ಸ್ವಾಮಿಗಳು ಫೋನಿನಲ್ಲೇ ಅಪ್ಪಣೆ ಕೊಟ್ಟರು.

ಎಡಗಣ್ಣಿನ ಪಟ್ಟಿ ಬಿಚ್ಚಿದ ದಿನ ಮಾವ ಮೊದಲು ನೋಡಿದ್ದು ಫೋನನ್ನು. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರು, ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದರು. "ಇದು ಇಷ್ಟು ಬೆಳ್ಳಗಿತ್ತೇನವ್ವಾ? ನಂಗೆ ಅರಿಶಿನದ ನೀರು ಚೆಲ್ಲಿದಂಗೆ ಕಾಣ್ತಿತ್ತಲ್ಲ" ಅಂದರು. ಭೂಪಟ ತೆರೆದು ಸಮುದ್ರ ನೋಡಿದರು. "ಆನಂದ ನೀಲಿ" ಎಂದು ಮೆಲ್ಲಗೆ ಹೇಳಿಕೊಂಡರು. ಬಹಳ ದಿನದ ಮೇಲೆ ಅವರ ಬಾಯಲ್ಲಿ ಬಣ್ಣದ ಹೆಸರು ಕೇಳಿ ನನಗೆ ಕುಣಿಯುವಷ್ಟು ಸಂತೋಷವಾಯಿತು. ಆಮೇಲೆ ಆ ಕಪ್ಪು ಸೀರೆ ಮತ್ತು ಕಡುನೀಲಿ ಸೀರೆಯನ್ನು ಪಕ್ಕಪಕ್ಕ ಹಾಸಿ ಫೋಟೋ ಕಳಿಸಲು ಕೈಲಾಸ್‌ಗೆ ಹೇಳಿದರು. ಫೋಟೋ ಬಂತು. ಎಡಗಣ್ಣಲ್ಲಿ ನೋಡಿದರು. "ಅಯ್ಯೋ, ಆ ಅಜ್ಜಿ ಅತ್ತಿದ್ದು ಸರಿಯಾಗೇ ಇದೆ ಕಣವ್ವಾ" ಎಂದು ಫೋನನ್ನು ಮಡಿಲಲ್ಲಿ ಬೋರಲು ಹಾಕಿದರು.

ಅಂಗಡಿಗೆ ಮತ್ತೆ ಹೋಗತೊಡಗಿದರು. ಪೂಜೆಯ ಹೊತ್ತಿನಲ್ಲಿ ಮಾತ್ರ ಹೊಸ ಕಷ್ಟ ಬಂತು. ಎರಡೂ ಕಣ್ಣು ತೆರೆದರೆ ಬಳೆ ಮಸುಕಾಗಿ, ಇದ್ದೂ ಇಲ್ಲದ ಹಾಗಿರುತ್ತಿತ್ತು. ಅದಕ್ಕೆ ಮಾವ ಒಂದು ಉಪಾಯ ಹುಡುಕಿದರು. ಕರ್ಚೀಫು ಮಡಿಸಿ, ಎಡಗಣ್ಣಿಗೆ ಅಡ್ಡವಾಗಿ ತಲೆಯ ಹಿಂದೆ ಗಂಟು ಹಾಕಿಕೊಂಡು, ಪೊರೆ ಬಂದ ಬಲಗಣ್ಣೊಂದರಲ್ಲೇ ಲಿಂಗವನ್ನು ನೋಡುತ್ತ ಕೂರುವುದು. ನೋಡಿದರೆ ನಗು ಬರುತ್ತಿತ್ತು, ನಕ್ಕರೆ ಅಳು ಬರುತ್ತಿತ್ತು. ಮತ್ತೆ ತಪಾಸಣೆಗೆ ಹೋದಾಗ ಡಾಕ್ಟರಮ್ಮ, ಬಲಗಣ್ಣಿನ ಪೊರೆ ತೀರ ಮಾಗುತ್ತಿದೆ, ಹೀಗೇ ಬಿಟ್ಟರೆ ಆ ಕಣ್ಣೇ ಹೋಗಬಹುದು ಎಂದರು. ಹೋದರೆ ಹೋಗಲಿ ಅಂದರು ಮಾವ.

ಮರುದಿನ ಬೆಳಿಗ್ಗೆ ಕರ್ಚೀಫು ಕಟ್ಟಿಕೊಳ್ಳುತ್ತಿದ್ದಾಗ ಅತ್ತೆ ಪೂಜೆಕೋಣೆಯ ಬಾಗಿಲಿಗೆ ಬಂದು ನಿಂತರು. ಅವರ ಕೈಯಲ್ಲಿ ಸೌಟಿತ್ತು. ಅತ್ತೆ ಗೊಣಗುವವರೇ ಹೊರತು ಗಂಡನೆದುರು ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿದವಳಲ್ಲ. ಅವತ್ತು ಕೇಳಿದೆ.

"ರೀ, ನಾನೂ ಲಿಂಗ ಕಟ್ಕೊಂಡವಳೇ. ಮರೆತಿದ್ರೆ ಜ್ಞಾಪಕ ಮಾಡ್ತಿದೀನಿ."

ಮಾವ ಒಂದೇ ಕಣ್ಣಲ್ಲಿ ಅವರನ್ನು ನೋಡಿದರು.

"ನೀವೆಲ್ಲ ಏಳೋಕೆ ಮುಂಚೆ ಎದ್ದು, ಅಡುಗೆಮನೆ ಮೂಲೇಲಿ ಕೂತು ಪೂಜೆ ಮಾಡಿದವಳು ನಾನು. ಒಲೆ ಮೇಲಿನ ಹಾಲು ಉಕ್ಕತ್ತೇನೋ ಅಂತ ಒಂದು ಕಣ್ಣು ಅದರ ಮೇಲೆ. ಇಷ್ಟು ವರ್ಷದಲ್ಲಿ ನಂಗೆ ಒಂದಿನಾನೂ ಏನೂ ಕಾಣ್ಲಿಲ್ಲ ರೀ. ಬೆಳಕೂ ಇಲ್ಲ, ಬಳೆನೂ ಇಲ್ಲ. ಲಿಂಗ ಲಿಂಗವಾಗೇ ಕಾಣ್ತು, ಕಪ್ಪಗೆ, ಅಂಗೈಲಿ ತಣ್ಣಗೆ. ಆದ್ರೂ ಒಂದಿನ ಬಿಟ್ಟಿಲ್ಲ."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಅತ್ತೆ ಒಳಗೆ ಹೋಗಿ ಸಾರು ಕದಡತೊಡಗಿದರು. ಸೌಟು ಪಾತ್ರೆಗೆ ಜೋರಾಗೇ ತಾಗುತ್ತಿತ್ತು. ಮಾವ ಅವತ್ತು ಪೂಜೆ ಮುಗಿಸಿದ ಮೇಲೂ ಬಹಳ ಹೊತ್ತು ಅಲ್ಲಿಂದ ಏಳಲಿಲ್ಲ. ಎದ್ದು ಬಂದವರು ಕರ್ಚೀಫನ್ನು ಒಗೆಯಲು ಹಾಕಿ, ಆಸ್ಪತ್ರೆಗೆ ಫೋನು ಮಾಡು ಎಂದು ನನಗೆ ಹೇಳಿದರು.

ಬಲಗಣ್ಣಿನ ಆಪರೇಷನ್ನೂ ಆಯಿತು. ಪಟ್ಟಿ ಬಿಚ್ಚಿದ ಮರುದಿನ ಬೆಳಿಗ್ಗೆ ಮಾವ ಮೈ ಒರೆಸಿಕೊಂಡು, ವಿಭೂತಿ ಧರಿಸಿ ಪೂಜೆಗೆ ಕೂತರು. ನನಗೆ ಕುತೂಹಲ ತಡೆಯಲಾಗದೆ ಹೂವು ಕೊಡುವ ನೆಪದಲ್ಲಿ ಬಾಗಿಲ ಹತ್ತಿರ ನಿಂತೆ. ಅವರು ಕರಡಿಗೆ ತೆರೆದರು, ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡರು, ಎದೆಯೆತ್ತರಕ್ಕೆ ಹಿಡಿದರು. ನಂದಾದೀಪದ ಚುಕ್ಕಿ ಅದರಲ್ಲಿ ಮೂಡಿತು. ಅವರು ನೋಡಿದರು. ಮತ್ತೆ ನೋಡಿದರು. ಅವರ ಮುಖ ಏನೂ ಹೇಳಲಿಲ್ಲ. 

ಆಮೇಲೆ ಕೂತಲ್ಲೇ ಸ್ವಲ್ಪ ಪಕ್ಕಕ್ಕೆ ಸರಿದು, ಚಾಪೆಯಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದರು.

"ರುದ್ರಾಣೀ," ಎಂದು ಕರೆದರು, "ಬಾ ಇಲ್ಲಿ. ಪಕ್ಕದಲ್ಲಿ ಕೂತ್ಕೋ. ನಂಗೂ ಈಗ ಏನೂ ಕಾಣ್ತಿಲ್ಲ. ಏನೂ ಕಾಣದೆ ಹೇಗೆ ನೋಡ್ತಾ ಕೂರೋದು ಅಂತ ಹೇಳ್ಕೊಡು."

ಅತ್ತೆ ಒಲೆ ಮೇಲಿನ ಹಾಲನ್ನು ನನಗೆ ಒಪ್ಪಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಅವರ ಪಕ್ಕ ಕೂತರು.